ಪಿಷ್ಟ ಮತ್ತು ಡೆಕ್ಸ್ಟ್ರಿನ್

ಹುಲಿಯೂರುದುರ್ಗದ ಸೀಮೆಯು ರಾಗಿಯ ನಾಡು. ಅಲ್ಲಿ ರಾಗಿಹಿಟ್ಟನ್ನು ಬೇಯಿಸಿಯೇ ಉಣ್ಣುವರು. ಅರಳು ಹುರಿದು ಬೀಸಿದ ಹುರಿಹಿಟ್ಟನ್ನಾದರೋ ಹಾಲುಬೆಲ್ಲದೊಡನೆ ಕಲಸಿ ಹಾಗೆಯೇ ತಿನ್ನುವರು. ಇದಕ್ಕೆ ಕಾರಣವೇನು?

ಪಿಷ್ಟವು ಗ್ಲೂಕೋಸ್ ಘಟಕಗಳ ಉದ್ದನೆಯ ಸರಪಳಿ. ಹುರಿಯುವಾಗ ಪಿಷ್ಟವು ಬೇಯುತ್ತದೆ. ಅದರ ಒಂದು ಭಾಗವು ತುಂಡಾಗಿ ಡೆಕ್ಸ್ಟ್ರಿನ್ ಆಗುತ್ತದೆ. ಕಾರ್ಖಾನೆಗಳಲ್ಲಿ ಒಣ ಪಿಷ್ಟಕ್ಕೆ ಅಲ್ಪ ಆಮ್ಲವನ್ನು ಬೆರೆಸಿ, ಕಾಯಿಸಿ ಇದನ್ನು ತಯಾರಿಸುವರು. ಬಿಳಿ ಅಥವಾ ಹಳದಿ ಬಣ್ಣದ ಈ ಪುಡಿಯು ನೀರಿನಲ್ಲಿ ಕರಗಿ ಅಂಟಾಗುತ್ತದೆ. ಅಯೋಡಿನ್ ದ್ರಾವಣದಲ್ಲಿ ಪಿಷ್ಟವು ನೀಲಿಯಾದರೆ, ಉದ್ದ ಸರಪಳಿಯ ಡೆಕ್ಸ್ಟ್ರಿನ್ ಕೆಂಗಂದು ಬಣ್ಣವನ್ನು ತಾಳುತ್ತದೆ. ಲಕೋಟೆಯ ಅಂಟಿಗೂ ನೂಲಿನ ಗಂಜಿಗೂ ಇದು ಬಳಕೆಯಾಗುತ್ತದೆ.

ಮೊಳಕೆ ಬರಿಸಿದ ರಾಗಿಯಲ್ಲಿ ಕಿಣ್ವಗಳು ಪಿಷ್ಟವನ್ನು ಹೀಗೆಯೇ ತುಂಡರಿಸುತ್ತವೆ. ಆದುದರಿಂದ ಆ ಹಿಟ್ಟನ್ನು ಹೆಚ್ಚು ಬೆರೆಸಿದರೂ ಗಂಜಿಯು ತೆಳುವಾಗಿಯೇ ಇರುತ್ತದೆ. ಕೂಸಿನ ಪುಟ್ಟ ಹೊಟ್ಟೆಗೆ ಹೆಚ್ಚು ಪುಷ್ಟಿ ದೊರೆಯುತ್ತದೆ.