ಬಣ್ಣ ಬಿಟ್ಟವರನ್ನು ಮರಳಿ ಕರೆಯುವ ಬಗೆ

ನಾಟಕದ ಪುಸ್ತಕವನ್ನು ನಮ್ಮ ಕಡೆ ಯಾರೂ ಓದಲೆಂದು ಕೊಳ್ಳುವುದಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಅದು ಆಡುವವರ ಪುಸ್ತಕ. ಜಾತ್ರೆ ಹತ್ತಿರವಾದಾಗ ಊರಿನ ಹತ್ತು ಹನ್ನೆರಡು ಮಂದಿ ಕೂಡುತ್ತಾರೆ, ಒಬ್ಬ ಮಾಸ್ತರರನ್ನು ಗೊತ್ತುಮಾಡುತ್ತಾರೆ, ಪುಸ್ತಕ ಆರಿಸಿ ಪಾರ್ಟು ಹಂಚಿಕೊಳ್ಳುತ್ತಾರೆ, ರಾತ್ರಿ ಊಟವಾದ ಮೇಲೆ ಗುಡಿಯ ಕಟ್ಟೆಯಲ್ಲೋ ಶಾಲೆಯ ಪಡಸಾಲೆಯಲ್ಲೋ ತಿಂಗಳುಗಟ್ಟಲೆ ತಾಲೀಮು ನಡೆಸಿ ಒಂದು ರಾತ್ರಿ ಬಣ್ಣ ಹಚ್ಚುತ್ತಾರೆ. ಹೊಲದಲ್ಲಿ ದುಡಿಯುವವನು ಆ ರಾತ್ರಿ ಅಶ್ವತ್ಥಾಮನಾಗುತ್ತಾನೆ, ಕಿರಾಣಿ ಅಂಗಡಿಯವನು ಶಕುನಿಯಾಗುತ್ತಾನೆ. ಹೀಗೆ ವರ್ಷ ತಪ್ಪದೆ ಆಡುತ್ತಿದ್ದ ಊರುಗಳಲ್ಲಿ ಹಲವು ಈಗ ಆಟ ನಿಲ್ಲಿಸಿವೆ, ಪುಸ್ತಕದ ವ್ಯಾಪಾರವೂ ಅದರ ಜೊತೆಗೇ ಇಳಿದಿದೆ. ಪ್ರಕಾಶಕರಿಗೆ ಮೊದಲು ಹೊಳೆಯುವ ಮದ್ದು ಹೊಸ ಹೆಸರು, ಹೊಸ ಮುಖಪುಟ, ಇನ್ನಷ್ಟು ಖಾರದ ಹಾಸ್ಯ. ಹಳ್ಳಿ ನಾಟಕಗಳ ಬಹುಕಾಲದ ಒಡನಾಟ ನನಗೆ ಕಲಿಸಿದ್ದು ಬೇರೆ. ಬಣ್ಣ ಬಿಟ್ಟವರಲ್ಲಿ ಪುಸ್ತಕದ ಮೇಲೆ ಬೇಸರಗೊಂಡು ಬಿಟ್ಟವರು ವಿರಳ. ಅವರ ಕೂಟ ಒಡೆಯಿತು, ಕಲಿಸುವವರು ಇಲ್ಲವಾದರು, ಹಾಗಾಗಿ ಆಟ ನಿಂತಿತು. ಪ್ರಕಾಶಕರು ಒಬ್ಬೊಬ್ಬ ಗಿರಾಕಿಯ ಬೆನ್ನು ಹತ್ತುವುದನ್ನು ಬಿಟ್ಟು ಮಾಸ್ತರರನ್ನೂ ಅವರ ಸುತ್ತಲಿನ ಕೂಟವನ್ನೂ ಮರಳಿ ಗಳಿಸಬೇಕು ಎಂಬುದು ನನ್ನ ವಾದ.

ಇದೇ ಕಷ್ಟವನ್ನು ಅಮೆರಿಕದ ಒಂದು ಪ್ರಕಾಶನ ಸಂಸ್ಥೆ ಉಂಡು, ಪಾಠ ಕಲಿತು, ಮತ್ತೆ ಮರೆತು, ಮತ್ತೆ ಕಲಿತಿದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಮೇಜಿನ ಸುತ್ತ ಕೂತು ಆಡುವ ಪಾತ್ರದಾಟ. ಒಬ್ಬರು ಕಥೆ ನಡೆಸುತ್ತಾರೆ, ಉಳಿದ ನಾಲ್ಕೈದು ಮಂದಿ ತಲೆಗೊಂದು ಪಾತ್ರ ವಹಿಸಿಕೊಂಡು ಅದರಂತೆ ಮಾತಾಡುತ್ತಾರೆ, ಏಟು ತಗುಲಿತೋ ತಪ್ಪಿತೋ ಎಂಬುದನ್ನು ದಾಳ ಹೇಳುತ್ತದೆ. ನಮ್ಮ ನಾಟಕದಂತೆ ಅಲ್ಲಿ ಬಣ್ಣವಿಲ್ಲ, ಪ್ರೇಕ್ಷಕರಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಆದರೆ ವ್ಯಾಪಾರದ ಕಟ್ಟು ಒಂದೇ: ಪುಸ್ತಕ ಕೊಳ್ಳುವವರು ಒಬ್ಬಿಬ್ಬರು, ಆಡುವವರು ಗುಂಪು, ಗುಂಪನ್ನು ಹಿಡಿದಿಡುವವರು ಒಬ್ಬ ಮಾಸ್ತರ. ಆ ಒಬ್ಬರು ಬೇಸತ್ತರೆ ಪ್ರಕಾಶಕರು ಇಡೀ ಗುಂಪನ್ನೇ ಕಳೆದುಕೊಳ್ಳುತ್ತಾರೆ.

2008ರಲ್ಲಿ ಆ ಆಟದ ನಾಲ್ಕನೆಯ ಆವೃತ್ತಿ ಬಂತು. ನಿಯಮಗಳು ಎಷ್ಟು ಬದಲಾಗಿದ್ದವೆಂದರೆ ಹಳಬರಲ್ಲಿ ಬಹಳ ಮಂದಿಗೆ ಅದು ತಮ್ಮ ಆಟ ಅನಿಸಲಿಲ್ಲ. 2009ರ ಏಪ್ರಿಲ್‌ನಲ್ಲಿ ಸಂಸ್ಥೆ ತನ್ನ ಪುಸ್ತಕಗಳ ಡಿಜಿಟಲ್ ಪ್ರತಿಗಳ ಮಾರಾಟವನ್ನೂ ನಿಲ್ಲಿಸಿತು, ಹಳೆಯ ಆವೃತ್ತಿಗಳದ್ದೂ ಸೇರಿ. ಅದೇ ವರ್ಷ ಪೈಜೋ ಎಂಬ ಸಂಸ್ಥೆ ಹಳೆಯ ನಿಯಮಗಳ ಮೇಲೆಯೇ ಕಟ್ಟಿದ ‘ಪಾತ್‌ಫೈಂಡರ್’ ಆಟವನ್ನು ತಂದಿತು. ಅವರು 2007ರವರೆಗೆ ಇದೇ ಆಟದ ಪತ್ರಿಕೆಗಳನ್ನು ಪರವಾನಗಿ ಪಡೆದು ನಡೆಸಿದವರು, ಹಳಬರ ಮನಸ್ಸು ಬಲ್ಲವರು. 2000ದಲ್ಲಿ ಮೂಲ ಸಂಸ್ಥೆಯೇ ಕೊಟ್ಟಿದ್ದ ಮುಕ್ತ ಪರವಾನಗಿಯಿಂದಾಗಿ ಅವರ ಕೆಲಸ ಕಾನೂನುಬದ್ಧವೂ ಆಗಿತ್ತು. ಗುಂಪುಗಳು ಗುಂಪುಗಳಾಗಿಯೇ ಅತ್ತ ನಡೆದವು. ಮರಳಿ ಕರೆಯಲು ಮೂಲ ಸಂಸ್ಥೆ ಮಾಡಿದ್ದು ಮೂರು ಕೆಲಸ. 2012ರಲ್ಲಿ ಹೊಸ ನಿಯಮಗಳ ಕರಡನ್ನು ಆಟಗಾರರ ಕೈಗೆ ಕೊಟ್ಟು, ಆಡಿ ನೋಡಿ ಹೇಳಿ ಎಂದು ವರ್ಷಕ್ಕೂ ಮೇಲ್ಪಟ್ಟು ಕೇಳಿತು. 2013ರ ಜನವರಿಯಲ್ಲಿ ಹಳೆಯ ಪುಸ್ತಕಗಳನ್ನು ಮತ್ತೆ ಮಾರಾಟಕ್ಕಿಟ್ಟಿತು. 2014ರಲ್ಲಿ ಐದನೆಯ ಆವೃತ್ತಿ ಬಂದಾಗ ಮೂಲ ನಿಯಮಗಳನ್ನು ಪುಕ್ಕಟೆ ಹಂಚಿತು. ಐದನೆಯ ಆವೃತ್ತಿ ಆ ಆಟದ ಚರಿತ್ರೆಯಲ್ಲೇ ದೊಡ್ಡ ಗೆಲುವಾಯಿತು. ಈ ಮೂರರಲ್ಲಿ ಹೊಸ ಸರಕು ಎನ್ನಬಹುದಾದದ್ದು ಒಂದು. ಉಳಿದೆರಡು, ಹಳಬರ ಮಾತಿಗೂ ಹಳಬರ ಪುಸ್ತಕಕ್ಕೂ ಸಂದ ಗೌರವ.

ಇನ್ನು ನಮ್ಮ ನೆಲಕ್ಕೆ ಬರುತ್ತೇನೆ. ಈ ನಾಲ್ಕು ಕಡೆ ಆಟ ನಿಂತ ಕಾರಣ ಒಂದೇ ತೆರನಾಗಿಲ್ಲ, ಪ್ರಕಾಶಕರು ಇದನ್ನು ಗಮನಿಸಿದಂತೆ ಕಾಣುವುದಿಲ್ಲ. ಕುಷ್ಟಗಿ, ಯಲಬುರ್ಗಾ ಮಳೆ ನಂಬಿದ ಸೀಮೆ. ಸುಗ್ಗಿ ಮುಗಿಯುತ್ತಲೇ ಪ್ರಾಯದವರು ಬೆಂಗಳೂರು, ಮಂಗಳೂರು, ಗೋವಾ ಕಡೆ ಗುಳೆ ಹೋಗುತ್ತಾರೆ. ಜಾತ್ರೆಗೆ ಬಂದೇ ಬರುತ್ತಾರೆ, ಆದರೆ ಬರುವುದು ನಾಲ್ಕು ದಿನದ ಮಟ್ಟಿಗೆ. ತಾಲೀಮು ನಡೆಯಬೇಕಾದ ತಿಂಗಳುಗಳಲ್ಲಿ ನಾಯಕ ಒಂದೂರಲ್ಲಿ, ಖಳನಾಯಕ ಇನ್ನೊಂದೂರಲ್ಲಿ. ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಬೆಳೆ. ಅಲ್ಲಿ ಮಂದಿ ಊರಲ್ಲೇ ಇದ್ದಾರೆ, ಆದರೆ ಎರಡನೇ ಬೆಳೆಗೆ ನೀರು ಬಿಟ್ಟ ವರ್ಷ ನಾಟಿಯ ದುಡಿತ ತಾಲೀಮಿನ ರಾತ್ರಿಗಳನ್ನೇ ತಿನ್ನುತ್ತದೆ. ಕೊಪ್ಪಳ ಪಟ್ಟಣದ ಸುತ್ತಲ ಊರುಗಳಲ್ಲಿ ಕಾರ್ಖಾನೆಯ ಪಾಳಿ. ರಾತ್ರಿ ಪಾಳಿಯವನು ಬಂದ ದಿನ ಹಗಲು ಪಾಳಿಯವನು ಇರುವುದಿಲ್ಲ. ಇವರಲ್ಲಿ ಯಾರಿಗೂ ನಾಟಕದ ಆಸೆ ಸತ್ತಿಲ್ಲ. ಎರಡು ತಿಂಗಳ ತಾಲೀಮು ಬೇಡುವ ಪುಸ್ತಕಕ್ಕೆ ಕೊಡಲು ಎರಡು ತಿಂಗಳಿಲ್ಲ, ಅಷ್ಟೆ. ಪುಸ್ತಕಗಳು ಮಾತ್ರ ಇಂದಿಗೂ ಬಹುಪಾಲು ಬೆಳಗಿನವರೆಗೆ ನಡೆಯುವ ಅಳತೆಯಲ್ಲೇ ಬರುತ್ತಿವೆ.

ಪುಸ್ತಕದ ಒಳಗೂ ತೊಡಕುಗಳಿವೆ. ಹಾಡಿನ ತಲೆಯ ಮೇಲೆ ಇಂಥ ಸಿನಿಮಾ ಹಾಡಿನ ಮಟ್ಟು ಎಂದು ಬರೆದಿರುತ್ತದೆ. ಆ ಸಿನಿಮಾ ಬಂದಾಗ ಹುಟ್ಟದಿದ್ದ ಹುಡುಗನಿಗೆ ಆ ಸಾಲಿನಿಂದ ಏನೂ ದಕ್ಕುವುದಿಲ್ಲ. ಹಿಂದೆ ಪೇಟಿ ಮಾಸ್ತರರು ಅದನ್ನು ನುಡಿಸಿ ತೋರಿಸುತ್ತಿದ್ದರು. ಇಂದು ಪೇಟಿ ಬಲ್ಲ ಮಾಸ್ತರರನ್ನು ಹುಡುಕಬೇಕು, ಸಿಕ್ಕವರಿಗೂ ವಯಸ್ಸಾಗಿದೆ. ಪುಟ್ಟ ಚೌಕದ ಕೋಡು ಅಚ್ಚಾಗಿದ್ದರೆ, ಫೋನು ಹಿಡಿದರೆ ಮಟ್ಟು ಕೇಳಿಸುವಂತಿದ್ದರೆ ಅರ್ಧ ಕಷ್ಟ ಅಲ್ಲೇ ಹರಿಯುತ್ತದೆ. ಎರಡನೆಯದು ಖರ್ಚು. ಸೀನರಿ, ಲೈಟು, ಸೌಂಡು ಬಾಡಿಗೆಗೆ ತರಬೇಕು, ಸ್ತ್ರೀ ಪಾರ್ಟಿಗೆ ಹೊರಗಿನ ಕಲಾವಿದೆಯರನ್ನು ಕರೆಸಬೇಕು. ಮರಿಯಮ್ಮನಹಳ್ಳಿಯಂಥ ಊರುಗಳ ಕಲಾವಿದೆಯರು ಈ ಭಾಗದ ನಾಟಕಗಳನ್ನು ಎಷ್ಟೋ ಕಾಲ ಹೆಗಲ ಮೇಲೆ ಹೊತ್ತಿದ್ದಾರೆ, ಅವರಿಗೆ ಸಲ್ಲುವ ಗೌರವಧನ ನ್ಯಾಯವಾದದ್ದು. ಆದರೆ ಅವರು ಬರುವುದು ನಾಟಕದ ದಿನ ಅಥವಾ ಹಿಂದಿನ ದಿನ. ನಾಲ್ಕೈದು ಸ್ತ್ರೀ ಪಾರ್ಟು ಇರುವ ಪುಸ್ತಕವನ್ನು ಬಡ ಊರೊಂದು ಕೈಗೆತ್ತಿಕೊಳ್ಳುವುದೇ ಕಷ್ಟ. ಒಂದೇ ದೃಶ್ಯಪಟದ ಮುಂದೆ, ಇಬ್ಬರು ಕಲಾವಿದೆಯರೊಂದಿಗೆ, ಎರಡೂವರೆ ತಾಸಿನಲ್ಲಿ ಮುಗಿಯುವ ನಾಟಕವನ್ನು ಒಳ್ಳೆಯ ನಾಟಕಕಾರರಿಂದ ಬರೆಸುವುದು ಪ್ರಕಾಶಕರ ಕೈಯಲ್ಲೇ ಇರುವ ಕೆಲಸ.

ಇದಕ್ಕೆ ಬರುವ ಮೊದಲ ಎದುರುಮಾತು ಎಲ್ಲರ ಬಾಯಲ್ಲೂ ಇದೆ: ಟಿವಿ, ಮೊಬೈಲು ಬಂದ ಮೇಲೆ ನಾಟಕ ಯಾರಿಗೆ ಬೇಕು? ನೋಡುವವರ ಮಟ್ಟಿಗೆ ಇದರಲ್ಲಿ ನಿಜವಿದೆ. ಜಾತ್ರೆಯಲ್ಲಿ ಟೆಂಟು ಹಾಕಿ ಟಿಕೆಟ್ ಮಾರುವ ವೃತ್ತಿ ಕಂಪನಿಗಳಿಗೆ ಆ ಪೆಟ್ಟು ಬಲವಾಗಿ ಬಿದ್ದಿದೆ, ಕೆಲವು ಕಂಪನಿಗಳು ಜನರನ್ನು ಹಿಡಿದಿಡಲು ದ್ವಂದ್ವಾರ್ಥದ ಮಾತಿಗೆ ಇಳಿದದ್ದು ಕುಟುಂಬಸಮೇತ ಬರುವವರನ್ನು ಇನ್ನೂ ದೂರ ಮಾಡಿತು. ಹವ್ಯಾಸಿ ನಾಟಕದ ಪುಸ್ತಕ ಕೊಳ್ಳುವವನ ಮಾತು ಬೇರೆ. ಅವನಿಗೆ ನೋಡುವುದಕ್ಕಿಂತ ಆಡುವುದು ಮುಖ್ಯ. ತನ್ನ ಊರಿನ ಮುಂದೆ ನಿಂತು ಎತ್ತಿದ ದನಿಯಲ್ಲಿ ಮಾತಾಡುವ, ಬೀಗರು ವೇದಿಕೆ ಏರಿ ಆಯಾರ ಮಾಡುವ ಆ ಗಳಿಗೆಗೆ ಮೊಬೈಲು ಪರ್ಯಾಯ ಕೊಡುವುದಿಲ್ಲ. ಪುರಾವೆ ಬೇಕಾದರೆ ಮಂಡ್ಯ, ತುಮಕೂರು ಕಡೆ ನೋಡಬೇಕು. ಅಲ್ಲಿಯೂ ಇದೇ ಟಿವಿ, ಇದೇ ಮೊಬೈಲು. ಆದರೂ ಮಂಡ್ಯದ ಕಲಾಮಂದಿರದಲ್ಲಿ, ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ, ಊರೂರ ಹಬ್ಬಗಳಲ್ಲಿ ಹವ್ಯಾಸಿಗಳು ‘ಕುರುಕ್ಷೇತ್ರ’ ಆಡುತ್ತಲೇ ಇದ್ದಾರೆ, ದುರ್ಯೋಧನನ ಪಾರ್ಟಿಗೆ ಕೈಯಿಂದ ಹಣ ಕೊಟ್ಟು ಆಡುತ್ತಾರೆ. ಅಲ್ಲಿ ಹಾರ್ಮೋನಿಯಂ ಮಾಸ್ತರರ ಸಾಲು ಕಡಿಯಲಿಲ್ಲ, ಸೀನರಿಯವರು ಉಳಿದರು, ಎಲ್ಲರಿಗೂ ಬಾಯಿಪಾಠವಾದ ಒಂದು ನಾಟಕ ಉಳಿಯಿತು. ಒಬ್ಬ ಭೀಮ ಕೈಕೊಟ್ಟರೆ ಪಕ್ಕದ ಊರಿನಿಂದ ಇನ್ನೊಬ್ಬ ಭೀಮ ಬರುತ್ತಾನೆ.

ಹಾಗೆ ಎಲ್ಲರಿಗೂ ಗೊತ್ತಿರುವ ನಾಟಕ ನಮ್ಮ ಕಡೆಯೂ ಇದೆ. ಕುಷ್ಟಗಿಯ ನೆರೆಯ ಇಳಕಲ್ ಸೀಮೆಯ ಕಂದಗಲ್ಲಿನ ಹನುಮಂತರಾಯರು ಬರೆದ ‘ರಕ್ತರಾತ್ರಿ’ ಉತ್ತರ ಕರ್ನಾಟಕದ ಹವ್ಯಾಸಿಗಳ ಬಾಯಲ್ಲಿ ತಲೆಮಾರುಗಳಿಂದ ನಿಂತಿದೆ. ಅದರ ಶಕುನಿಯ ಮಾತುಗಳನ್ನು ಪುಸ್ತಕ ಮುಟ್ಟದವರೂ ಹೇಳಬಲ್ಲರು. ಬಿಟ್ಟವರನ್ನು ಕರೆಯಲು ಇದಕ್ಕಿಂತ ದೊಡ್ಡ ಬಾಗಿಲು ಬೇಡ. ದೊಡ್ಡ ಅಕ್ಷರದಲ್ಲಿ, ತಪ್ಪಿಲ್ಲದ ಪಾಠದೊಂದಿಗೆ, ಪೂರ್ತಿ ನಾಟಕ ಒಂದು, ಕಡಿಮೆ ಅವಧಿಯ ರಂಗಪಠ್ಯ ಒಂದು, ಜೊತೆಗೆ ಪಾತ್ರವಾರು ಕಿರುಪುಸ್ತಕಗಳು ಇರಬೇಕು. ಮಂಗಳೂರಿನ ಕಟ್ಟಡದ ಕೆಲಸದಲ್ಲಿರುವವನು ತನ್ನ ಪಾರ್ಟಿನ ಕಿರುಪುಸ್ತಕವನ್ನು ಕಿಸೆಯಲ್ಲಿಟ್ಟುಕೊಂಡು, ಮಾಸ್ತರರು ಫೋನಿನಲ್ಲಿ ಕಳಿಸಿದ ದನಿ ಕೇಳುತ್ತ ಮಾತು ಕಲಿತರೆ, ಊರಿಗೆ ಬಂದ ಮೇಲೆ ನಾಲ್ಕು ರಾತ್ರಿಯ ತಾಲೀಮು ಸಾಕಾದೀತು.

ಎರಡನೆಯ ಎದುರುಮಾತು ಪ್ರಕಾಶಕರದು, ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಒಂದು ಊರು ಒಂದೇ ಪುಸ್ತಕ ಕೊಂಡು ಝೆರಾಕ್ಸ್ ಮಾಡಿಸಿಕೊಳ್ಳುತ್ತದೆ, ಇದರಲ್ಲಿ ಬದುಕುವುದು ಹೇಗೆ ಎಂದು ಅವರು ಕೇಳುತ್ತಾರೆ. ಪ್ರದರ್ಶನಕ್ಕೆ ಹಣ ಕೇಳುವ ದಾರಿಯೂ ಇಲ್ಲಿ ಇಕ್ಕಟ್ಟಿನದು. ಟಿಕೆಟ್ ಇಲ್ಲದೆ ಹವ್ಯಾಸಿ ಸಂಘ ಆಡುವ ನಾಟಕಕ್ಕೆ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮೇ ವಿನಾಯಿತಿ ಕೊಟ್ಟಿದೆ. ಬಿಗಿ ಹಿಡಿತದಿಂದ ಲಾಭ ಹೆಚ್ಚುತ್ತದೆ ಎಂಬ ಎಣಿಕೆ ಎಲ್ಲಿಗೆ ಮುಟ್ಟಿಸುತ್ತದೆ ಎಂಬುದಕ್ಕೆ ಅಮೆರಿಕದ ಅದೇ ಸಂಸ್ಥೆ 2023ರಲ್ಲಿ ಸಾಕ್ಷಿ ಒದಗಿಸಿತು. ತನ್ನ ಮುಕ್ತ ಪರವಾನಗಿಯನ್ನು ಬಿಗಿಗೊಳಿಸುವ ಕರಡು ಆ ಜನವರಿಯಲ್ಲಿ ಹೊರಬಿದ್ದಾಗ ಆಟಗಾರರು ಸಿಡಿದೆದ್ದರು. ತಿಂಗಳು ಮುಗಿಯುವ ಮೊದಲೇ ಸಂಸ್ಥೆ ಹಿಂದೆ ಸರಿದು ತನ್ನ ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ನಮ್ಮಲ್ಲಿಯೂ ಝೆರಾಕ್ಸನ್ನು ಕಳವು ಎಂದು ನೋಡುವುದರಿಂದ ಬರುವುದೇನೂ ಇಲ್ಲ. ಹತ್ತು ಕಿರುಪುಸ್ತಕ, ಮಾಸ್ತರರಿಗೊಂದು ಪೂರ್ಣ ಪ್ರತಿ, ಮಟ್ಟುಗಳ ಧ್ವನಿ ಇವೆಲ್ಲ ಒಂದೇ ಕಟ್ಟಿನಲ್ಲಿ ಝೆರಾಕ್ಸಿನ ಖರ್ಚಿಗೆ ಹತ್ತಿರದ ಬೆಲೆಗೆ ಸಿಕ್ಕರೆ ಊರು ಅದನ್ನೇ ಕೊಳ್ಳುತ್ತದೆ. ಇನ್ನೊಂದು ಸಂಗತಿಯೂ ಇದೆ. ಹನುಮಂತರಾಯರು ತೀರಿಕೊಂಡದ್ದು 1966ರಲ್ಲಿ. ಲೇಖಕರ ನಿಧನದ ನಂತರ 60 ವರ್ಷ ಎಂಬ ಲೆಕ್ಕದಲ್ಲಿ ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು 2027ರ ಆರಂಭದಿಂದ ಎಲ್ಲರ ಸ್ವತ್ತು. ಆಗ ಯಾರು ಬೇಕಾದರೂ ಅಚ್ಚು ಹಾಕಬಹುದು. ಗೆಲ್ಲುವವರು ಪಾಠವನ್ನು ಶುದ್ಧವಾಗಿಟ್ಟು ಮಾಸ್ತರರಿಗೆ ನೆರವಾದವರೇ ಎಂದು ನನ್ನ ನಂಬಿಕೆ.

ಹಳೆಯ ನಾಟಕಗಳಲ್ಲಿ ಹೆಣ್ಣನ್ನು, ಕೆಲವು ಜಾತಿಗಳನ್ನು ಕಾಣುವ ರೀತಿ ಇಂದಿನ ಹುಡುಗ ಹುಡುಗಿಯರಿಗೆ ಸಹಿಸಲಾಗದು ಎಂಬ ಆಕ್ಷೇಪವೂ ಉಂಟು. ಅದು ಸರಿಯಾದ ಆಕ್ಷೇಪ, ಸಾಮಾಜಿಕ ನಾಟಕಗಳಿಗಂತೂ ಹೆಚ್ಚು ಅನ್ವಯಿಸುತ್ತದೆ. ಆದರೆ ತಿದ್ದುವ ಕೆಲಸ ಪ್ರಕಾಶಕರ ಕೋಣೆಯಲ್ಲಿ ನಡೆದರೆ ಹಳಬರು ಮುನಿಯುತ್ತಾರೆ, ಹೊಸಬರಿಗೂ ಅದು ತಮ್ಮದೆನಿಸುವುದಿಲ್ಲ. ಕರಡನ್ನು ನಾಲ್ಕಾರು ಊರಿನ ಕೂಟಗಳಿಗೆ ಕೊಟ್ಟು, ಒಂದು ಜಾತ್ರೆಯ ಕಾಲ ಆಡಿಸಿ, ಎಲ್ಲಿ ಜನ ನಕ್ಕರು, ಎಲ್ಲಿ ಹೆಣ್ಣುಮಕ್ಕಳು ಎದ್ದು ಹೋದರು, ಯಾವ ಮಾತು ಬಾಯಿಗೆ ಹತ್ತಲಿಲ್ಲ ಎಂದು ಕೇಳಿ ಆಮೇಲೆ ಅಚ್ಚಿಗೆ ಕೊಡಬೇಕು. ಶಾಲೆ ಕಾಲೇಜಿನಲ್ಲಿ ವೇದಿಕೆ ಏರಿದ ಹುಡುಗಿಯರು ಊರಿನ ನಾಟಕದಿಂದ ದೂರ ಉಳಿದಿದ್ದಾರೆ. ಅವರು ಅಂಜಿಕೆಯಿಲ್ಲದೆ ವಹಿಸಬಲ್ಲ ಪಾತ್ರಗಳು ಇಂಥ ಕೇಳುವಿಕೆಯಿಂದಲೇ ಹುಟ್ಟಬೇಕು.

ಇದೆಲ್ಲ ಒಂದು ವರ್ಷದಲ್ಲಿ ಕಾಣುವ ಫಲವಲ್ಲ, ಆದರೆ ಆರಂಭಕ್ಕೆ ದೊಡ್ಡ ಬಂಡವಾಳವೂ ಬೇಡ. ಗವಿಸಿದ್ಧೇಶ್ವರ ಜಾತ್ರೆ ಜನವರಿಯ ಹೊತ್ತಿಗೆ, ಕನಕಗಿರಿಯದು ಮಾರ್ಚಿನ ಹೊತ್ತಿಗೆ, ಅವುಗಳ ಹಿಂದೆ ಮುಂದೆ ಹಳ್ಳಿಗಳ ಜಾತ್ರೆಗಳು. ಪುಸ್ತಕ ಆರಿಸುವ ಮಾತು ಅದಕ್ಕೆ ಎರಡು ಮೂರು ತಿಂಗಳು ಮೊದಲೇ ನಡೆದಿರುತ್ತದೆ. ಆದ್ದರಿಂದ ದಸರೆ ಕಳೆದ ಕೂಡಲೆ ಈ ನಾಲ್ಕೂ ಕಡೆಯ ಮಾಸ್ತರರನ್ನು ಒಂದೆಡೆ ಕೂಡಿಸಬೇಕು, ಹೋಗಿ ಬರುವ ಖರ್ಚು ಕೊಟ್ಟು. ವಯಸ್ಸಾದವರ ಜೊತೆ ಕಲಿಯಬಲ್ಲ ಒಬ್ಬ ಕಿರಿಯನೂ ಬರಲಿ. ಅವರಿಗೆ ಪುಸ್ತಕದ ಕಟ್ಟನ್ನು ಪುಕ್ಕಟೆ ಕೊಟ್ಟು, ಯಾವ ಊರಲ್ಲಿ ಯಾವ ನಾಟಕ ಯಾವಾಗ ನಿಂತಿತು, ಯಾಕೆ ನಿಂತಿತು, ಅಂದಿನ ಪಾತ್ರಧಾರಿಗಳು ಈಗ ಎಲ್ಲಿದ್ದಾರೆ ಎಂದು ಬರೆದುಕೊಳ್ಳಬೇಕು. ಮುಂದಿನ ವರ್ಷ ಯಾವ ಪುಸ್ತಕ ಅಚ್ಚಾಗಬೇಕು, ಎಷ್ಟು ಪಾರ್ಟಿನದಾಗಬೇಕು ಎಂಬುದನ್ನು ಆ ಬರಹ ನೋಡಿ ತೀರ್ಮಾನಿಸಬಹುದು.