ಗಡಿಯೂರಿಗೆ ಹೊರಟವಳಿಗೆ

ಪ್ರೀತಿಯ ವೀಣಾ,

ಬೆಳಗಾವಿಯ ಭಾಷಾ ಅಸ್ಮಿತೆಯ ಮೇಲೆ ಸಂಶೋಧನೆಗೆ ಹೊರಟಿರುವುದು ತಿಳಿದು ಸಂತೋಷವಾಯಿತು. ನಿನ್ನ ಪ್ರಶ್ನಾವಳಿಯ ಮೊದಲ ಪ್ರಶ್ನೆಯೇ ‘ನೀವು ಕನ್ನಡಿಗರೋ, ಮರಾಠಿಗರೋ?’ ಎಂದಿದೆ. ಅದನ್ನು ತೆಗೆದುಹಾಕು ಮಗಳೇ. ಯಾಕೆಂದು ತಿಳಿಯಲು ರುಮೇನಿಯದ ಕ್ಲೂಜ್ ನಗರದ ಕಡೆ ನೋಡು.

ಮೊದಲನೇ ಮಹಾಯುದ್ಧದವರೆಗೂ ಆ ಊರು ಹಂಗೇರಿಯ ಆಡಳಿತದಲ್ಲಿತ್ತು. ಈ ಶತಮಾನದ ಆರಂಭದಲ್ಲೂ ಅಲ್ಲಿ ಹೆಚ್ಚುಕಡಿಮೆ ಐದರಲ್ಲೊಬ್ಬರು ಹಂಗೇರಿಯನ್ನರಾಗಿದ್ದರು. 1992ರಿಂದ 2004ರವರೆಗೆ ಮೇಯರ್ ಆಗಿದ್ದ ಗಿಯೋರ್ಗೆ ಫುನಾರ್ ಬೆಂಚು, ಕಸದ ಡಬ್ಬಿಗಳಿಗೂ ರುಮೇನಿಯದ ಬಾವುಟದ ಬಣ್ಣ ಬಳಿಸಿದರು. ಹಂಗೇರಿಯ ದೊರೆ ಮಥಿಯಾಸನ ಪ್ರತಿಮೆಯ ಮುಂದೆ ಉತ್ಖನನ ಶುರುವಾದಾಗ, ಪ್ರತಿಮೆಗೇ ಕುತ್ತು ಬಂತೆಂದು ಹಂಗೇರಿಯನ್ನರು ಬೀದಿಗಿಳಿದರು. ಪತ್ರಿಕೆ ಓದಿದವರಿಗೆ ಊರು ಹೊತ್ತಿ ಉರಿಯುತ್ತಿದೆ ಅನ್ನಿಸಬೇಕು.

ಸಮಾಜಶಾಸ್ತ್ರಜ್ಞ ರೋಜರ್ಸ್ ಬ್ರೂಬೇಕರ್ ಮೂವರು ಸಹೋದ್ಯೋಗಿಗಳ ಜೊತೆ ಅಲ್ಲಿ ವರ್ಷಗಟ್ಟಲೆ ಜನರ ಮಾತು ಕೇಳಿಸಿಕೊಂಡರು. 2006ರಲ್ಲಿ ಅದು ಪುಸ್ತಕವಾಗಿ ಬಂತು. ಜನರ ತಲೆ ತುಂಬ ಇದ್ದದ್ದು ಸಂಬಳ, ಬೆಲೆಯೇರಿಕೆ, ಮಕ್ಕಳ ಭವಿಷ್ಯ. ಬಾವುಟದ ಗದ್ದಲವನ್ನು ಬಹಳ ಮಂದಿ ರಾಜಕಾರಣಿಗಳ ಕೆಲಸವೆಂದು ಬದಿಗಿಡುತ್ತಿದ್ದರು. ಅದೇ ಊರು ಫುನಾರ್ ಅವರನ್ನು ಮೂರು ಸಲ ಗೆಲ್ಲಿಸಿತ್ತು.

ಹಾಗೆಂದು ಅಸ್ಮಿತೆಯೆಲ್ಲ ಬರೀ ರಾಜಕೀಯದ ಸೃಷ್ಟಿ ಎಂದು ಬರೆದುಬಿಡಬೇಡ. ಬ್ರೂಬೇಕರ್ ತಂಡವೂ ಹಾಗೆ ಬರೆಯಲಿಲ್ಲ. ಹಂಗೇರಿಯನ್ ಶಾಲೆ, ಚರ್ಚು, ಪತ್ರಿಕೆ ಇವೆ. ಸ್ನೇಹ ಅಲ್ಲೇ ಕುದುರುತ್ತದೆ, ಎಷ್ಟೋ ಮದುವೆಗಳೂ ಅಲ್ಲೇ. ಯಾರೂ ಘೋಷಣೆ ಕೂಗದೆಯೇ ಸಮುದಾಯ ಮುಂದುವರಿಯುತ್ತದೆ. ಆದರೆ ಹೊರೆ ಇಬ್ಬರಿಗೂ ಸಮನಾಗಿಲ್ಲ. ಹಂಗೇರಿಯನ್ನರಿಗೆ ರುಮೇನಿಯನ್ ಬಾರದಿದ್ದರೆ ಬದುಕು ನಡೆಯದು. ರುಮೇನಿಯನ್ನರಿಗೆ ಹಂಗೇರಿಯನ್ ಬಾರದಿದ್ದರೆ ಯಾವ ತೊಡಕೂ ಇಲ್ಲ. ತಾನು ಯಾರು ಎಂಬುದು ಒಬ್ಬರಿಗೆ ಮತ್ತೆ ಮತ್ತೆ ಎದುರಾಗುತ್ತದೆ, ಇನ್ನೊಬ್ಬರಿಗೆ ನೆನಪಿಗೂ ಬರುವುದಿಲ್ಲ. ಆ ಪುಸ್ತಕದಲ್ಲಿ ನನ್ನನ್ನು ಬಹುಕಾಲ ಕಾಡಿದ್ದು ಇದು.

ಬೆಳಗಾವಿಗೆ ಅದರದೇ ಚರಿತ್ರೆ ಇದೆ: 1956ರ ರಾಜ್ಯಗಳ ಪುನರ್ವಿಂಗಡಣೆ, ಗಡಿವಿವಾದದ ಬಗ್ಗೆ 1967ರ ಮಹಾಜನ ವರದಿ, ಸುಪ್ರೀಂ ಕೋರ್ಟಿನ ದಾವೆ. ಕ್ಲೂಜಿನ ಉತ್ತರಗಳನ್ನು ಅಲ್ಲಿಗೆ ಹೊತ್ತೊಯ್ಯಬೇಡ, ಕೇಳುವ ತಾಳ್ಮೆಯನ್ನು ಕೊಂಡೊಯ್ಯಿ. ಖಡೇಬಜಾರಿನಲ್ಲಿ ಚೌಕಾಸಿ ಯಾವ ಭಾಷೆಯಲ್ಲಿ ಶುರುವಾಗುತ್ತದೆ, ಮಧ್ಯದಲ್ಲಿ ಭಾಷೆ ಬದಲಿಸುವವರು ಯಾರು, ನೋಡು. ಮಗುವನ್ನು ಯಾವ ಮಾಧ್ಯಮಕ್ಕೆ ಹಾಕಿದಿರಿ, ಯಾಕೆ ಎಂದು ಕೇಳು. ಕನ್ನಡಿಗ, ಮರಾಠಿಗ ಎಂಬ ಮಾತು ತಾನಾಗಿ ಬಂದರೆ ತೆಗೆದವರು ಯಾರೆಂದು ಬರೆದುಕೋ. ಇಡೀ ಸಂಜೆ ಬರದಿದ್ದರೆ ಅದನ್ನೂ ಬರೆದುಕೋ.

ನವೆಂಬರ್ 1ರಂದು ಒಂದು ಕಡೆ ರಾಜ್ಯೋತ್ಸವದ ಮೆರವಣಿಗೆ, ಇನ್ನೊಂದು ಕಡೆ ಮರಾಠಿ ಸಂಘಟನೆಗಳ ಕರಾಳ ದಿನ. ಆ ದಿನ ಪತ್ರಕರ್ತರೆಲ್ಲ ಅಲ್ಲಿರುತ್ತಾರೆ. ನೀನು ಕೋಣೆಯನ್ನು ಡಿಸೆಂಬರ್ ಮುಗಿಯುವವರೆಗೆ ಬಾಡಿಗೆಗೆ ಹಿಡಿ.

ಇಂತು,
ನಿನ್ನ ಹಿತೈಷಿ