ಹಳೆಯ ಜೀಪಿನ ಉಸಿರು: ಏರ್ ಕ್ಲೀನರ್ ಮತ್ತು ಸೈಲೆನ್ಸರ್ ಬದಲಾವಣೆಯ ಲೆಕ್ಕಾಚಾರ

ಜಯಚಾಮರಾಜೇಂದ್ರ ರಸ್ತೆ ಮತ್ತು ಕಲಾಸಿಪಾಳ್ಯದ ವಾಹನ ಬಿಡಿಭಾಗಗಳ ಅಂಗಡಿಗಳಿಗೂ, ಅವುಗಳನ್ನು ನೆಚ್ಚಿಕೊಂಡಿರುವ ಚಾಮರಾಜಪೇಟೆಯ ಸಣ್ಣ ವರ್ಕ್‌ಶಾಪ್‌ಗಳಿಗೂ ಮಲೆನಾಡಿನೊಡನೆ ಹಳೆಯ ನಂಟಿದೆ. ಕೊಡಗು, ಸಕಲೇಶಪುರ, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ಇಂದಿಗೂ ದುಡಿಯುತ್ತಿರುವ ಮಹೀಂದ್ರ ಜೀಪುಗಳ ಮತ್ತು ಮಾರುತಿ ಜಿಪ್ಸಿಗಳ ಮಾಲೀಕರು ಬಿಡಿಭಾಗಗಳನ್ನು ಅರಸಿ ಇಲ್ಲಿಗೆ ಬರುತ್ತಾರೆ. ಈಚಿನ ವರ್ಷಗಳಲ್ಲಿ ಹವ್ಯಾಸಕ್ಕಾಗಿ ಹಳೆಯ ಜೀಪನ್ನು ಕೊಂಡು ಕಾಡುದಾರಿ ಹಿಡಿಯುವ ನಗರವಾಸಿಗಳೂ ಈ ಗಿರಾಕಿಗಳ ಸಾಲಿಗೆ ಸೇರಿದ್ದಾರೆ. ಇಬ್ಬರ ಬೇಡಿಕೆಯೂ ಹೆಚ್ಚುಕಡಿಮೆ ಒಂದೇ: “ಗಾಡಿ ಏರಿನಲ್ಲಿ ಎಳೆಯುತ್ತಿಲ್ಲ, ಒಳ್ಳೆಯ ಫಿಲ್ಟರು, ಫ್ರೀ ಫ್ಲೋ ಸೈಲೆನ್ಸರು ಹಾಕಿಕೊಡಿ.” ಕೇಳಿದ್ದನ್ನು ಕೊಟ್ಟು ಹಣ ಎಣಿಸಿಕೊಳ್ಳುವುದು ಸುಲಭ. ಆದರೆ ಒಂದು ಬೇಸಿಗೆಯ ಧೂಳಿನಲ್ಲಿ ಎಂಜಿನ್ನಿನ ರಿಂಗುಗಳು ಸವೆದರೆ ಆ ಗಿರಾಕಿಯೂ ಅವನ ನೆರೆಯ ತೋಟದವರೂ ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಆದುದರಿಂದ ಮಾರುವವರೂ ತಯಾರಿಸುವವರೂ ಈ ಬದಲಾವಣೆಗಳಿಂದ ಎಷ್ಟು ಲಾಭ ಸಾಧ್ಯವೆಂಬುದನ್ನು ಅಂಕಿಗಳಲ್ಲಿ ತಿಳಿದಿರುವುದು ಅವಶ್ಯ.

ಎಂಎಂ 540 ಜೀಪಿನ ಪೂಜೊ ವಿನ್ಯಾಸದ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನ್ನನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಗಾತ್ರ 2112 ಸಿಸಿ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿಯನ್ನು ಎಳೆದುಕೊಳ್ಳಬೇಕು. ನಿಮಿಷಕ್ಕೆ 3000 ಸುತ್ತಿನಲ್ಲಿ ಇದು 3168 ಲೀಟರ್ ಆಗುತ್ತದೆ. ವಾಸ್ತವದಲ್ಲಿ ಸಿಲಿಂಡರುಗಳು ಶೇ. 80ರಷ್ಟು ತುಂಬುತ್ತವೆಂದು ಹಿಡಿದರೆ ಸುಮಾರು 2500 ಲೀಟರ್. ಇಷ್ಟು ಗಾಳಿ ಏರ್ ಕ್ಲೀನರನ್ನು ಹಾದು ಬರುವಾಗ ಎದುರಿಸುವ ತಡೆಯನ್ನು ನೀರಿನ ಕಂಬದ ಅಂಗುಲಗಳಲ್ಲಿ ಅಳೆಯುವುದು ರೂಢಿ. ಡೀಸೆಲ್ ಎಂಜಿನ್ ತಯಾರಕರು ಸಾಮಾನ್ಯವಾಗಿ 20ರಿಂದ 25 ಅಂಗುಲವನ್ನು ಗರಿಷ್ಠ ಮಿತಿಯಾಗಿ ಇಡುತ್ತಾರೆ. ಅದನ್ನು ಮುಟ್ಟಿದರೆ ಫಿಲ್ಟರ್ ಬದಲಿಸಬೇಕೆಂದು ಅರ್ಥ. 25 ಅಂಗುಲವೆಂದರೆ 6.2 ಕಿಲೋಪ್ಯಾಸ್ಕಲ್, ಬೆಂಗಳೂರಿನ ವಾಯುಭಾರ ಸುಮಾರು 91 ಕಿಲೋಪ್ಯಾಸ್ಕಲ್. ಅಂದರೆ ಪೂರ್ತಿ ಕಟ್ಟಿಕೊಂಡ ಫಿಲ್ಟರಿನಿಂದ ಆಗುವ ನಷ್ಟ ಶೇ. 7ರ ಆಸುಪಾಸು. ಶುಭ್ರವಾದ ಫಿಲ್ಟರಿನಲ್ಲಿ ತಡೆ 8 ಅಂಗುಲವಿದ್ದರೆ ನಷ್ಟ ಶೇ. 2 ಮಾತ್ರ. ಫಿಲ್ಟರನ್ನೇ ಕಿತ್ತೆಸೆದರೂ ಮರಳಿ ಸಿಗುವುದು ಆ ಶೇ. 2ಕ್ಕಿಂತ ಹೆಚ್ಚಲ್ಲ. ಡಬ್ಬಿಯ ಮೇಲೆ ಶೇ. 10, 15 ಎಂದು ಮುದ್ರಿಸಿರುವ ಆಶ್ವಾಸನೆಗಳನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು.

ಅಳೆಯುವ ಸಾಧನ ದುಬಾರಿಯದಲ್ಲ. ಪಾರದರ್ಶಕ ಪ್ಲಾಸ್ಟಿಕ್ ನಳಿಕೆಯನ್ನು ಹಲಗೆಯ ಮೇಲೆ ಇಂಗ್ಲಿಷಿನ ‘ಯು’ ಅಕ್ಷರದಂತೆ ಬಾಗಿಸಿ, ಬಣ್ಣದ ನೀರು ತುಂಬಿ, ನಡುವೆ ಅಡಿಕೋಲು ಅಂಟಿಸಿದರೆ ಆಯಿತು. ಒಂದು ತುದಿಯನ್ನು ಏರ್ ಕ್ಲೀನರಿನಿಂದ ಹೊರಟ ಕೊಳವೆಗೆ ಸೇರಿಸಿ, ಇನ್ನೊಂದನ್ನು ತೆರೆದಿಡಬೇಕು. ಎಂಜಿನ್ ಪೂರ್ಣ ವೇಗದಲ್ಲಿರುವಾಗ ಎರಡು ಕಡೆಯ ನೀರಿನ ಮಟ್ಟಗಳ ಅಂತರವೇ ತಡೆಯ ಅಳತೆ. ಸೈಲೆನ್ಸರಿನ ಕಡೆಗೆ ಕಡಿಮೆ ಒತ್ತಡದ ಗೇಜ್ ಬೇಕು. ಅಲ್ಲಿ ಪೂರ್ಣ ಹೊರೆಯಲ್ಲಿ 10 ಕಿಲೋಪ್ಯಾಸ್ಕಲ್ ಮೀರಿದರೆ ಪೈಪನ್ನು ಸಂಶಯಿಸಬಹುದು. ತಯಾರಕರ ಕೈಪಿಡಿ ಬೇರೆ ಅಂಕಿ ಹೇಳಿದರೆ ಅದೇ ಪ್ರಮಾಣ. ಈ ಎರಡು ಅಳತೆಗಳಿಲ್ಲದೆ ಯಾವ ಭಾಗವನ್ನೂ ಶಿಫಾರಸು ಮಾಡಬಾರದೆಂಬುದು ಈ ಲೇಖಕನ ಅಭಿಪ್ರಾಯ.

ಡೀಸೆಲ್ ಎಂಜಿನ್ನಿನ ಸ್ವಭಾವವನ್ನೂ ಇಲ್ಲಿ ನೆನೆಯಬೇಕು. ಅದರ ಶಕ್ತಿಯನ್ನು ನಿರ್ಧರಿಸುವುದು ಪಂಪು ಕೊಡುವ ಇಂಧನ. ಗಾಳಿ ಸಾಮಾನ್ಯವಾಗಿ ಅಗತ್ಯಕ್ಕಿಂತ ಹೆಚ್ಚೇ ಇರುತ್ತದೆ. ಆದುದರಿಂದ ಗಾಳಿಯನ್ನು ಮಾತ್ರ ಹೆಚ್ಚಿಸಿದರೆ ಹೊಗೆ ಕಡಿಮೆಯಾದೀತು, ಎಳೆತ ಹೆಚ್ಚದು. ಗಾಳಿಯಿಲ್ಲದೆ ಪಂಪಿನ ಸ್ಕ್ರೂ ತಿರುಗಿಸಿದರೆ ಕಪ್ಪು ಹೊಗೆ, ಅತಿಶಾಖ. ಮಲೆನಾಡಿನ ಗಿರಾಕಿಗಳ ವಿಷಯದಲ್ಲಿ ಎತ್ತರವೂ ಗಣನೆಗೆ ಬರುತ್ತದೆ. ಮಂಗಳೂರಿನ ಗಾಳಿಗೆ ಹೋಲಿಸಿದರೆ ಬೆಂಗಳೂರಿನ ಗಾಳಿಯ ಸಾಂದ್ರತೆ ಸುಮಾರು ಶೇ. 8ರಷ್ಟು, 1900 ಮೀಟರ್ ಮೀರಿದ ಮುಳ್ಳಯ್ಯನಗಿರಿಯಲ್ಲಿ ಸುಮಾರು ಶೇ. 17ರಷ್ಟು ಕಡಿಮೆ. ಕರಾವಳಿಯಲ್ಲಿ ಪಂಪು ಕಟ್ಟಿಸಿಕೊಂಡ ಜೀಪು ಗಿರಿಯ ಏರಿನಲ್ಲಿ ಹೊಗೆ ಕಾರಿದರೆ ತಪ್ಪು ಫಿಲ್ಟರಿನದಲ್ಲ. ಅಂತಹ ಗಿರಾಕಿಯನ್ನು ನಾಜಲ್ ಮತ್ತು ಪಂಪು ಪರೀಕ್ಷಿಸುವ ಅಂಗಡಿಗೆ ಕಳುಹಿಸುವುದೇ ಪ್ರಾಮಾಣಿಕ ವ್ಯಾಪಾರ. ಪಂಪಿನ ಗವರ್ನರ್ ನಿರ್ವಾತದಿಂದ ನಡೆಯುವ ಮಾದರಿಯದಾಗಿದ್ದರೆ ಇನ್ನೂ ಎಚ್ಚರ ಬೇಕು: ಗಾಳಿಯ ಕೊಳವೆ ಬದಲಿಸುವಾಗ ಆ ಸಣ್ಣ ನಿರ್ವಾತದ ಹೋಸ್ ಸಡಿಲವಾದರೂ ಎಂಜಿನ್ ಹಿಡಿತ ತಪ್ಪಿ ಓಡುತ್ತದೆ.

ಏರ್ ಕ್ಲೀನರಿನ ಆಯ್ಕೆ

ಹಳೆಯ ಜೀಪುಗಳಲ್ಲಿ ಆಯಿಲ್ ಬಾತ್ ಮಾದರಿಯೇ ಬಹಳ. ತೊಳೆದು ಮತ್ತೆ ಬಳಸಬಹುದಾದ ಇದನ್ನು ತೋಟದವರು ಸುಲಭವಾಗಿ ಬಿಡುವುದಿಲ್ಲ. ಅದಕ್ಕೆ ಕಾರಣವೂ ಇದೆ. ಆದರೆ ಅದು ಧೂಳಿನ ಶೇ. 95ರ ಆಸುಪಾಸನ್ನು ಮಾತ್ರ ಹಿಡಿಯುತ್ತದೆ. ಎಂಜಿನ್ ನಿಧಾನವಾಗಿ ನಡೆಯುವಾಗ ಇನ್ನೂ ಕಡಿಮೆ. ಒಳ್ಳೆಯ ಕಾಗದದ ಫಿಲ್ಟರ್ ಶೇ. 99ಕ್ಕೂ ಮಿಗಿಲಾಗಿ ಹಿಡಿಯುತ್ತದೆ. ಕ್ಲೀನರಿಗೆ ಒಂದು ಕಿಲೋ ಧೂಳು ಬಂದರೆ ಮೊದಲನೆಯದು ಸಿಲಿಂಡರಿಗೆ 50 ಗ್ರಾಂ ಬಿಡುತ್ತದೆ, ಎರಡನೆಯದು 10 ಗ್ರಾಮಿಗಿಂತ ಕಡಿಮೆ. ಇದಲ್ಲದೆ ಕಡಿದಾದ ಇಳಿಜಾರಿನಲ್ಲಿ ಜೀಪು ವಾಲಿದಾಗ, ಅಥವಾ ಗುರುತಿಗಿಂತ ಹೆಚ್ಚು ಎಣ್ಣೆ ತುಂಬಿದಾಗ, ಎಂಜಿನ್ ಆ ಎಣ್ಣೆಯನ್ನು ಹೀರಿ ಅದನ್ನೇ ಇಂಧನವಾಗಿ ಉರಿಸತೊಡಗಬಹುದು; ಆಗ ಕೀಲಿ ತಿರುಗಿಸಿದರೂ ನಿಲ್ಲದು.

ಎಣ್ಣೆ ಸವರಿದ ಹತ್ತಿಯ ಶಂಕುವಿನಾಕಾರದ ಫಿಲ್ಟರುಗಳು ನೋಡಲು ಚೆಂದ. ತೆರೆದ ಬಾನೆಟ್ಟಿನಡಿ ಅವುಗಳನ್ನು ಕೂರಿಸಿದರೆ ಎಂಜಿನ್ ಹೊರಗಿನ 30 ಡಿಗ್ರಿಯ ಗಾಳಿಯ ಬದಲು ಒಳಗಿನ 65 ಡಿಗ್ರಿಯ ಬಿಸಿಗಾಳಿ ಕುಡಿಯುತ್ತದೆ, ಮತ್ತು ಅದರ ಸಾಂದ್ರತೆ ಶೇ. 10ರಷ್ಟು ಕಡಿಮೆ. ಫಿಲ್ಟರಿನಲ್ಲಿ ಉಳಿಸಿದ ಶೇ. 2ನ್ನು ಐದು ಪಟ್ಟಾಗಿ ತೆತ್ತಂತೆ! ಹೀಗಾಗಿ ಕಾಡುದಾರಿಯ ಜೀಪಿಗೆ ಉತ್ತಮವಾದದ್ದು ಮುಚ್ಚಿದ ಡಬ್ಬಿಯೊಳಗಿನ ಕಾಗದದ ಫಿಲ್ಟರ್. ಮೊದಲಿಗಿಂತ ತುಸು ದೊಡ್ಡ ಅಳತೆಯದಾದರೆ ಇನ್ನೂ ಒಳ್ಳೆಯದು. ಗಾಳಿ ಬರುವ ಬಾಯಿ ಬಾನೆಟ್ಟಿನ ಹೊರಗಿರಲಿ. ಕೂರಿಸಿದ ಒಂದು ತಿಂಗಳ ಮೇಲೆ ಫಿಲ್ಟರಿನಾಚೆಯ ಹೋಸಿನ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಬೇಕು. ಬಟ್ಟೆಗೆ ಮಣ್ಣು ಹತ್ತಿದರೆ ಎಲ್ಲೋ ಕ್ಲಾಂಪು ಸಡಿಲವಿದೆ ಅಥವಾ ರಬ್ಬರು ಬಿರಿದಿದೆ. ಅದನ್ನು ಸರಿಪಡಿಸುವವರೆಗೆ ಎಂತಹ ಬೆಲೆಬಾಳುವ ಫಿಲ್ಟರೂ ನಿರುಪಯುಕ್ತ.

ಬಾನೆಟ್ಟಿನ ಬದಿಯಿಂದ ಮೇಲೇರುವ ಸ್ನಾರ್ಕೆಲ್ ಶಕ್ತಿ ಕೊಡುವ ಸಾಧನವಲ್ಲ. ಹಳ್ಳ ದಾಟುವಾಗ ಸಿಲಿಂಡರಿಗೆ ನೀರು ಹೋಗದಿರಲಿ ಎಂಬುದಷ್ಟೇ ಅದರ ಉದ್ದೇಶ. ನೀರು ಅದುಮಿಕೊಳ್ಳದ ವಸ್ತುವಾದ್ದರಿಂದ ಒಳಹೊಕ್ಕರೆ ಕನೆಕ್ಟಿಂಗ್ ರಾಡು ಬಾಗುತ್ತದೆ. ಪ್ರತಿ ಜೋಡಣೆಯೂ ನೀರು ನುಗ್ಗದಂತಿರಬೇಕು, ಗೇರ್‌ಬಾಕ್ಸ್ ಮತ್ತು ಆಕ್ಸಲುಗಳ ಉಸಿರುನಳಿಕೆಗಳನ್ನೂ ಎತ್ತರಕ್ಕೆ ಒಯ್ಯಬೇಕು. ಇವಿಲ್ಲದ ಸ್ನಾರ್ಕೆಲ್ ಕೇವಲ ಅಲಂಕಾರ.

ಹೊಗೆಯ ದಾರಿ

2500 ಲೀಟರ್ ತಣ್ಣನೆಯ ಗಾಳಿ ಹೊರಬೀಳುವ ವೇಳೆಗೆ ಶಾಖದಿಂದ ಉಬ್ಬಿ ಎರಡೂವರೆ ಪಟ್ಟಿಗೂ ಮಿಗಿಲಾಗುತ್ತದೆ. 38 ಮಿ.ಮೀ. ಒಳವ್ಯಾಸದ ಪೈಪಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 98 ಮೀಟರ್, 45 ಮಿ.ಮೀ. ಪೈಪಿನಲ್ಲಿ 70 ಮೀಟರ್. ಒತ್ತಡದ ನಷ್ಟ ವೇಗದ ವರ್ಗಕ್ಕೆ ಅನುಗುಣವಾದ್ದರಿಂದ ಬರೀ 7 ಮಿ.ಮೀ. ಹೆಚ್ಚಳದಿಂದ ಅದು ಅರ್ಧಕ್ಕಿಳಿಯುತ್ತದೆ. ಅಲ್ಲಿಂದ 60 ಮಿ.ಮೀ.ಗೆ ಹಾರಿದರೆ ಉಳಿದಿದ್ದ ಅಲ್ಪ ನಷ್ಟದಲ್ಲಿ ಒಂದಿಷ್ಟು ಇಳಿಯಬಹುದು. ಬದಲಿಗೆ ಸದ್ದು ಏರುತ್ತದೆ, ಚಾಸಿಯಡಿ ಜಾಗ ಸಾಲದೆ ಪೈಪು ಬಂಡೆಗೆ ತಾಗುತ್ತದೆ. ವ್ಯಾಸಕ್ಕಿಂತಲೂ ತಿರುವುಗಳು ಮುಖ್ಯ. ಬಾಗಿಸುವಾಗ ಒಳಗೋಡೆ ಚಪ್ಪಟೆಯಾದ ಪೈಪಿನ 45 ಮಿ.ಮೀ. ಹೆಸರಿಗೆ ಮಾತ್ರ. ಒಳಗೆ ಮ್ಯಾಂಡ್ರೆಲ್ ಇಟ್ಟು ಬಾಗಿಸಿದ ಪೈಪಿಗೆ ಗಿರಾಕಿ ಹೆಚ್ಚು ತೆರುವುದು ನ್ಯಾಯ.

ಪೆಟ್ರೋಲಿನ ಜಿಪ್ಸಿಗಳ ಮಾತು ಸ್ವಲ್ಪ ಬೇರೆ. 1985ರ 970 ಸಿಸಿ ಮಾದರಿಗೆ ಹೆಡರ್ ಹಾಕಿ ಗಾಳಿಯ ದಾರಿ ಸಲೀಸು ಮಾಡಿದರೆ ಕಾರ್ಬುರೇಟರಿನ ಜೆಟ್ಟನ್ನೂ ಹೊಂದಿಸಬೇಕು, ಇಲ್ಲವಾದರೆ ಮಿಶ್ರಣ ತೆಳುವಾಗಿ ವಾಲ್ವು ಸುಡುತ್ತದೆ. 1298 ಸಿಸಿಯ ಜಿಪ್ಸಿ ಕಿಂಗಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇದ್ದರೆ ಅದನ್ನು ತೆಗೆದುಕೊಡುವ ಕೆಲಸವನ್ನು ಒಪ್ಪಿಕೊಳ್ಳಲೇಬಾರದು.

ಕಾನೂನಿನ ಎಲ್ಲೆಯೂ ಸ್ಪಷ್ಟವಿದೆ. ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ಕೊಟ್ಟ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಮೋಟಾರು ವಾಹನಗಳ ಅಧಿನಿಯಮ, 1988ರ 52ನೆಯ ಪ್ರಕರಣ ಹೇಳುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ವಿಧಿಸಬಹುದು. ಸೈಲೆನ್ಸರ್ ಕಡ್ಡಾಯವೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 120ನೆಯ ನಿಯಮದಲ್ಲಿದೆ. ಸವೆದ ಫಿಲ್ಟರನ್ನೋ ತುಕ್ಕುಹಿಡಿದ ಪೈಪನ್ನೋ ಅದೇ ಬಗೆಯ ಉತ್ತಮ ಭಾಗದಿಂದ ಬದಲಿಸುವುದು ದುರಸ್ತಿ. ಸೈಲೆನ್ಸರಿನ ಒಳಗನ್ನು ಬರಿದು ಮಾಡುವುದು ಬೇರೆ ಸಂಗತಿ.

ಭಾರತ್ ಸ್ಟೇಜ್ 4ಕ್ಕೆ ಹಿಂದಿನ ಡೀಸೆಲ್ ವಾಹನಗಳಿಗೆ ಹೊಗೆಯ ಮಿತಿ 65 ಹಾರ್ಟ್‌ರಿಜ್ ಮಾನ. ಕೆಲಸಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಹೊಗೆ ತಪಾಸಣಾ ಕೇಂದ್ರದಲ್ಲಿ ಅಳೆಯಿಸಿ, ಆ ಎರಡು ಅಂಕಿಗಳನ್ನೂ ನೀರಿನ ಕಂಬದ ಅಳತೆಯನ್ನೂ ಬಿಲ್ಲಿನಲ್ಲೇ ಬರೆದುಕೊಟ್ಟರೆ ನಂತರದ ಚೌಕಾಸಿ, ತಕರಾರುಗಳು ಬಹುಪಾಲು ತಪ್ಪುತ್ತವೆ. ಪೈಪು ತಯಾರಿಸುವ ಸದಸ್ಯರು ಸಾದಾ ಉಕ್ಕಿನ ಬದಲು ಅಲ್ಯೂಮಿನಿಯಂ ಲೇಪಿತ ಉಕ್ಕನ್ನು ಅಥವಾ 409 ದರ್ಜೆಯ ಸ್ಟೇನ್‌ಲೆಸ್ ಉಕ್ಕನ್ನು ಪರಿಶೀಲಿಸಬಹುದು. ಮಲೆನಾಡಿನ ಮಳೆಯಲ್ಲಿ ಸಾದಾ ಉಕ್ಕು ಬೇಗ ತೂತಾಗುತ್ತದೆ. ಮಾಲೀಕ ದೂರುವುದು ಮಳೆಯನ್ನಲ್ಲ, ಪೈಪು ಕೊಟ್ಟವರನ್ನು.